ಪಾದ್ರಿಗಳು ಎರವಲು ಪಡೆದ ನಾಸ್ತಿಕ

ಆಗ ನಾನು ಕಾಲೇಜಿನಲ್ಲಿ ಹೊಸ ಮೇಷ್ಟ್ರು. ಒಂದು ಬೆಳಿಗ್ಗೆ ಗಂಗೊಳ್ಳಿಯಿಂದ ಕುಂದಾಪುರಕ್ಕೆ ದೋಣಿಯಲ್ಲಿ ಬರುತ್ತ, ಇಂಗ್ಲೆಂಡಿನ ತತ್ವಜ್ಞಾನಿಯೊಬ್ಬ ಕ್ರೈಸ್ತ ಧರ್ಮವನ್ನು ಖಂಡಿಸಿ ಬರೆದ ಪುಸ್ತಕ ಓದುತ್ತಿದ್ದೆ. ತಲೆಯೆತ್ತಿದರೆ ಎದುರಿಗೇ ಬಿಳಿ ನಿಲುವಂಗಿಯಲ್ಲಿ ಕುಂದಾಪುರದ ಇಗರ್ಜಿಯ ಪಾದ್ರಿಗಳು! ಗಾಬರಿಯಾಗಿ ಪುಸ್ತಕವನ್ನು ಚೀಲಕ್ಕೆ ತುರುಕಿದೆ.

"ಮುಚ್ಚಿಡ್ಬೇಡಿ ಮಾಷ್ಟ್ರೆ, ಆ ಪುಸ್ತಕ ಬರ್ದವ ಎಂತ ಹೇಳ್ತ?" ಎಂದರು.

"ಧರ್ಮ ಹುಟ್ಟಿದ್ದೇ ಹೆದರಿಕೆಯಿಂದ ಅಂತಾನೆ ಫಾದರ್. ನರಕ ತೋರಿಸಿ ಹೆದರಿಸುವವನು ದಯಾಳು ಹೇಗಾಗ್ತಾನೆ ಅಂತಲೂ ಕೇಳ್ತಾನೆ," ಎಂದೆ ಅಳುಕುತ್ತ.

ಪಾದ್ರಿಗಳು ತೊಡೆ ತಟ್ಟಿ ನಕ್ಕರು. "ಲಾಯ್ಕ್ ಪ್ರಶ್ನೆ! ಭಾನುವಾರ ನನ್ನ ಪ್ರವಚನ ಕೇಳಿ ಜನ ನಿದ್ದೆ ಮಾಡ್ತ್ರ್. ಪುಸ್ತಕ ಕೊಡಿ, ಈ ಸಲ ಎಬ್ಬಿಸ್ತೆ."

ಭಾನುವಾರ ಕುತೂಹಲ ತಡೆಯದೆ ಇಗರ್ಜಿಗೆ ಹೋಗಿ ಹಿಂದೆ ನಿಂತೆ. ಪಾದ್ರಿಗಳು, ಕಾಲೇಜಿನ ಹೊಸ ಮೇಷ್ಟ್ರು ಕೊಟ್ಟ ಇಂಗ್ಲೆಂಡಿನವರೊಬ್ಬರ ಪುಸ್ತಕದ್ದು ಎಂದು ಹೇಳಿ, ಆ ವಾದವನ್ನು ಕೊಂಕಣಿಯಲ್ಲಿ ತಮ್ಮದೇ ಎಂಬಷ್ಟು ಹುರುಪಿನಿಂದ ಮಂಡಿಸಿದರು. ಒಬ್ಬರೂ ತೂಕಡಿಸಲಿಲ್ಲ. ಕೊನೆಗೆ, "ಹೆದರಿ ಬಂದವರು ಎದ್ದು ಹೋಗಬಹುದು, ಪ್ರೀತಿಯಿಂದ ಬಂದವರು ಕೂತಿರಿ," ಎಂದರು. ನಿಂತಿದ್ದವನು ನಾನೊಬ್ಬನೇ! ಎಲ್ಲರೂ ನನ್ನತ್ತ ತಿರುಗಿದಾಗ ತಟ್ಟನೆ ಕೂತುಬಿಟ್ಟೆ.

ಪಕ್ಕದಲ್ಲಿದ್ದ ಅಜ್ಜಿ ನಗು ತಡೆದುಕೊಂಡು ಪಿಸುಗುಟ್ಟಿದರು: "ಆ ಇಂಗ್ಲೆಂಡಿನ ಪಾದ್ರಿ ಕೇಳಿದ್ದೂ ಸಮ ಇತ್ತ್ ಮಾಷ್ಟ್ರೆ. ಒಂದ್ಸಲ ಇಲ್ಲಿಗೆ ಕರ್ಸಿ, ಮೀನ್ ಊಟ ಹಾಕ್ವ."

ಕುಂದಾಪುರದಲ್ಲಿ ತನಗೆ ಪಾದ್ರಿ ಪಟ್ಟವೂ ಮೀನೂಟವೂ ಕಾದಿದ್ದವೆಂದು ಆ ತತ್ವಜ್ಞಾನಿಗೆ ಕಡೆಗೂ ತಿಳಿಯಲಿಲ್ಲ.