ಮೂರು ಅಡಿ ಬಿಸಿಲು

ಸೆಲಿನ್ ಮದುವೆಯಾಗಿ ಮಂಜೇಶ್ವರದ ಈ ಮನೆಗೆ ಬಂದು ಮೂವತ್ತೊಂದು ವರ್ಷ. ಬೆಳಗ್ಗೆ ಐದೂವರೆಗೆ ಅವಳು ಹಿತ್ತಿಲಿಗೆ ಇಳಿಯುವಾಗ ಬೇಲಿಯಾಚೆ ನೆರೆಮನೆಯ ದಮಯಂತಿ ಆಗಲೇ ನಿಂತಿರುತ್ತಾಳೆ. ಒಬ್ಬಳ ಕೈಯಲ್ಲಿ ಹಿಂದಿನ ದಿನ ಮೀನು ತೊಳೆದಿಟ್ಟ ನೀರು, ಇನ್ನೊಬ್ಬಳ ಕೈಯಲ್ಲಿ ಬಚ್ಚಲೊಲೆಯ ಬೂದಿ. ಅಲಸಂಡೆ, ಹೀರೆ, ಬಸಳೆ, ತೊಂಡೆ ಎಲ್ಲವೂ ಒಂದೇ ಬೇಲಿಗೆ ಹಬ್ಬುತ್ತವೆ. ಯಾವ ಬಳ್ಳಿಯ ಬುಡ ಯಾರ ಕಡೆ ಎಂದು ಕೇಳಿದರೆ ಇಬ್ಬರೂ ಸ್ವಲ್ಪ ಯೋಚಿಸಬೇಕು. ಕೈಗೆ ಎಟುಕಿದವಳು ಕೊಯ್ಯುತ್ತಾಳೆ. ಹೆಚ್ಚಾದದ್ದು ಬೇಲಿಯ ಮೇಲಿನಿಂದ ದಾಟುತ್ತದೆ.

ಬೇಲಿ ಕಟ್ಟುವುದೂ ಅವರೇ. ಪ್ರತಿ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಕುಂಬಾದ ಗೂಟ ಕಿತ್ತು ಹೊಸತು ನೆಡಬೇಕು, ಅಡಿಕೆ ಮರದ ಸೀಳು ಕಟ್ಟಬೇಕು, ಬಳ್ಳಿ ಹತ್ತಲು ಹಳೆಯ ಮೀನುಬಲೆ ಬಿಗಿಯಬೇಕು. ಗಂಡಸರು ಏಳುವ ಹೊತ್ತಿಗೆ ಒಂದು ಗಂಟೆಯ ಕೆಲಸ ಮುಗಿದಿರುತ್ತದೆ. ಸೆಲಿನ್‌ಳ ಗಂಡ ಜೇಕಬ್ ನಿವೃತ್ತ ಲೈನ್‌ಮನ್. ಊಟಕ್ಕೆ ಕೂತು, ಓ ಅಲಸಂಡೆ ಬಂತಾ ಎನ್ನುತ್ತಾನೆ, ಅದು ತಾನಾಗಿಯೇ ಬಟ್ಟಲಿಗೆ ನಡೆದು ಬಂದ ಹಾಗೆ. ದಮಯಂತಿಯ ಗಂಡ ಪ್ರೇಮನಾಥ ರಿಕ್ಷಾ ಓಡಿಸುತ್ತಾನೆ. ಅವನು ಅಷ್ಟೂ ಹೇಳುವುದಿಲ್ಲ.

ದಮಯಂತಿ ಬೀಡಿ ಕಟ್ಟುವವಳು. ದಿನಕ್ಕೆ ಎಂಟು ಗಂಟೆ ಬೀಡಿ ಎಲೆಯ ಗೆರಸೆ ಮಡಿಲಲ್ಲಿಟ್ಟು ಬಗ್ಗಿ ಕೂತವಳಿಗೆ ಬೆನ್ನು ನೇರವಾಗುವುದು ಬೇಲಿಯ ಬಳಿ ನಿಂತಾಗ ಮಾತ್ರವಂತೆ. ಸೆಲಿನ್‌ಗೆ ಗರ್ಭಕೋಶದ ಆಪರೇಷನ್ ಆದಾಗ ಎರಡು ತಿಂಗಳು ಬೇಲಿಯ ಎರಡೂ ಬದಿಗೆ ನೀರು ಹೊತ್ತವಳು ಇವಳೇ.

ಈ ವರ್ಷ ಮೇಯಲ್ಲಿ ಇಬ್ಬರು ಗಂಡಸರು ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಬೇಲಿ ಬೇಡ, ಕೆಂಪುಕಲ್ಲಿನ ಪಾಗಾರ ಕಟ್ಟುವ ಎಂದು ತೀರ್ಮಾನಿಸಿದರು. ಹೆಂಗಸರಿಗೆ ಸುದ್ದಿ ತಲುಪಿದ್ದು ಕಲ್ಲಿನ ಲಾರಿ ಬಂದು ನಿಂತಾಗ. ಆಳೆತ್ತರದ ಗೋಡೆ ಎದ್ದರೆ ಬಳ್ಳಿಯೂ ಇಲ್ಲ, ಯಾರಿಗೂ ಬಡಿಸದೆ ನಿಲ್ಲುವ ಆ ಒಂದು ಗಂಟೆಯೂ ಇಲ್ಲ. ಸೆಲಿನ್ ಗಂಡನಿಗೆ ಹೇಳಿ ನೋಡಿದಳು. ತರಕಾರಿ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದ ಜೇಕಬ್.

ಮೇಸ್ತ್ರಿ ಚನಿಯ ಬಂದು ಬೇಲಿಯ ಉದ್ದಕ್ಕೆ ಹಗ್ಗ ಹಿಡಿದು, ಗಡಿ ಇದೇ ಅಲ್ಲವಾ ಎಂದು ಕೇಳಿದ. ಗಂಡಸರಿಬ್ಬರೂ ಹೌದೆಂದರು.

ಅಲ್ಲ ಎಂದು ಗೊತ್ತಿದ್ದದ್ದು ಹೆಂಗಸರಿಗೆ. ಹನ್ನೆರಡು ವರ್ಷದ ಹಿಂದೆ ದಮಯಂತಿಯ ಹಿತ್ತಿಲಿನ ಮಾವಿನ ಮರ ಹರಡಿ ಬೇಲಿಯ ಮೇಲೆ ನೆರಳು ಕವಿದಿತ್ತು. ಹೀರೆ ಹೂಬಿಟ್ಟು ಉದುರುತ್ತಿತ್ತು. ಬೇಲಿಯನ್ನು ತನ್ನ ಜಾಗದೊಳಕ್ಕೆ ಮೂರು ಅಡಿ ಸರಿಸೋಣ ಎಂದವಳು ಸೆಲಿನ್. ಬಿಸಿಲು ಇದ್ದದ್ದು ಅಲ್ಲಿ. ಸರಿಸಿದರು. ಯಾರೂ ಕೇಳಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಅದೇ ಗೆರೆಯಲ್ಲಿ ಪಾಗಾರ ಎದ್ದರೆ ಆ ಮೂರು ಅಡಿ ದಮಯಂತಿಯ ಮನೆಯವರದೇ ಆಗಿಬಿಡುತ್ತದೆ. ಆದರೂ ಸೆಲಿನ್ ಬಾಯಿ ತೆರೆಯಲಿಲ್ಲ. ತೆರೆದರೆ ಗೆಳತಿಯ ಮೇಲೆ ಜಾಗ ನುಂಗಿದ ಅಪವಾದ ಬರುತ್ತದೆಂಬ ಹೆದರಿಕೆ.

ದಮಯಂತಿ ಗೆರಸೆ ಕೆಳಗಿಟ್ಟು ಎದ್ದು ಬಂದಳು.

“ಜೇಕಬ್ ಪೊರ್ಬುಗಳೇ, ಗಡಿ ಇದಲ್ಲ. ನಮ್ಮ ಮಾವಿನ ಬುಡದ ಹತ್ತಿರ ಕಲ್ಲು ಉಂಟು, ಮಣ್ಣಿನಡಿಯಲ್ಲಿ. ತೋಡಿ ನೋಡಿ.”

“ನಿನಗೆ ಎಂತಕ್ಕೆ ಅದೆಲ್ಲ? ಒಳಗೆ ಹೋಗು ಮಾರಾಯ್ತಿ,” ಎಂದ ಪ್ರೇಮನಾಥ. ಅವಳು ಹೋಗಲಿಲ್ಲ. ಚನಿಯ ತೋಡಿದ. ಎರಡು ಗೇಣು ಆಳದಲ್ಲಿ ಗಡಿಕಲ್ಲು ಸಿಕ್ಕಿತು.

ಹನ್ನೆರಡು ವರ್ಷದ ಹಿಂದೆ ಬೇಲಿ ಸರಿಸೋಣ ಎಂದದ್ದು ತಾನೇ ಎಂದು ಸೆಲಿನ್ ಒಪ್ಪಿಕೊಂಡಳು. ಜೇಕಬ್‌ಗೆ ಸಿಟ್ಟು ಬಂದದ್ದು ಹೆಂಡತಿಯ ಮೇಲೆ. ತನ್ನ ಜಾಗದ ವಿಷಯ ಹನ್ನೆರಡು ವರ್ಷ ತನಗೇ ಗೊತ್ತಿಲ್ಲವಲ್ಲ ಎಂದು ಕೂಗಾಡಿದ.

“ನಿಮಗೆ ಗೊತ್ತಾಗುವುದು ಹೇಗೆ?” ಎಂದಳು ಸೆಲಿನ್. “ಹನ್ನೆರಡು ವರ್ಷದಲ್ಲಿ ಒಂದು ಸಲ ಈ ಬದಿಗೆ ಬಂದದ್ದು ಉಂಟಾ? ದಮಯಂತಿ ಹೇಳದಿದ್ದರೆ ಈಗಲೂ ಗೊತ್ತಾಗುತ್ತಿರಲಿಲ್ಲ.”

ಚನಿಯ ನಗು ನುಂಗಿಕೊಂಡು ಜೇಬಿನಲ್ಲಿ ಬೀಡಿ ಹುಡುಕಿದ. ಆಮೇಲೆ, ನಿಜವಾದ ಗಡಿಯಲ್ಲಿ ಗೋಡೆಗೆ ಪಾಯ ತೋಡಿದರೆ ಮಾವಿನ ಬೇರು ಕಡಿಯಬೇಕು, ಮರ ಉಳಿಯುವುದಿಲ್ಲ ಎಂದ. ಪ್ರೇಮನಾಥನಿಗೆ ಆ ಮರದ ಮಿಡಿ ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯುವುದಿಲ್ಲ. ಅವನು ಜೇಕಬ್‌ನ ಮುಖ ನೋಡಿದ. ಬೇಲಿಯ ಗೆರೆಯಲ್ಲೇ ಕಟ್ಟಿದರೆ ಹೋಗುವುದು ಜೇಕಬ್‌ನ ಮೂರು ಅಡಿ. ಜೇಕಬ್ ಕೆಂಪುಕಲ್ಲೆಲ್ಲ ರಸ್ತೆಯ ಬದಿಗೆ ಸಾಗಿಸಲು ಹೇಳಿದ. ಎರಡೂ ಮನೆಯ ಎದುರಿಗೆ ಪಾಗಾರ ಬಂತು. ನಡುವೆ ಬೇಲಿ ಉಳಿಯಿತು.

ಮರುದಿನ ಬೆಳಗ್ಗೆ ಇಬ್ಬರೂ ಗೂಟ ನೆಡುತ್ತಿದ್ದರು. ಸುಮ್ಮನಿದ್ದರೆ ಮೂರು ಅಡಿ ನಿನ್ನದೇ ಆಗುತ್ತಿತ್ತಲ್ಲ, ಆಸೆಯಾಗಲಿಲ್ಲವಾ ಎಂದು ಸೆಲಿನ್ ಕೇಳಿದಳು.

“ಆಯಿತು,” ಎಂದಳು ದಮಯಂತಿ. “ಸುಳ್ಳು ಹೇಳುವುದು ಎಂತಕ್ಕೆ? ಒಂದು ಗಳಿಗೆ ಆಯಿತು. ಮತ್ತೆ ಅನಿಸಿತು, ಆ ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಂತು ನಾನು ಯಾರ ಹತ್ತಿರ ಮಾತಾಡುವುದು, ಸೆಲಿನ್ ಬಾಯಿ?”

ಸೆಲಿನ್‌ಳ ಬಾಯಿಗೆ ಆಗ ಬಂದದ್ದು ತನ್ನ ಮನೆಮಾತು. “ದೇವ್ ಬರೆಂ ಕರುಂ,” ಎಂದಳು. ದೇವರು ನಿನಗೆ ಒಳ್ಳೆಯದು ಮಾಡಲಿ. ದಮಯಂತಿ ತಲೆಯಾಡಿಸಿ, ಗೂಟ ವಾಲುತ್ತಿದೆ, ಸರಿಯಾಗಿ ಹಿಡಿ ಎಂದಳು. ಸೆಲಿನ್ ಎರಡೂ ಕೈಯಲ್ಲಿ ಹಿಡಿದಳು.