ತೊಳೆದಿಟ್ಟ ಯುದ್ಧವಿಮಾನ

ಮಹಡಿ ಮಾವನ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಯಾವಾಗಲೂ ಕರಿ ಇರುತ್ತಿತ್ತು. ಮದುವೆ ಊಟಕ್ಕೆ ಕೂತರೂ ಎಲೆಯ ಮೇಲೆ ಮೊದಲು ಕಾಣುತ್ತಿದ್ದುದು ಆ ಉಗುರೇ. ಕೊಪ್ಪದ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಮನೆಯ ಮಹಡಿಯಲ್ಲಿ ಅವರು ಬಾಡಿಗೆಗಿದ್ದರು. ಯುದ್ಧವಿಮಾನಗಳನ್ನು ಹಾರಾಟಕ್ಕೆ ಸಿದ್ಧಮಾಡಿ ಕಳಿಸುವ ಕೆಲಸದಲ್ಲಿದ್ದು ನಿವೃತ್ತರಾದವರು, ಒಂಟಿ ಜೀವ. ಅಮ್ಮನನ್ನು ಅಕ್ಕ ಎನ್ನುತ್ತಿದ್ದರು, ಹಾಗಾಗಿ ನನಗೆ ಮಾವ.

ನನ್ನದು ಮೊಬೈಲ್ ರಿಪೇರಿ ಅಂಗಡಿ. ಸಣ್ಣ ಚಿಮಟ ಕೇಳಲು ಬಂದವರು ಒಂದು ದಿನ ನನ್ನನ್ನು ಮೇಲೆ ಕರೆದೊಯ್ದರು. ಮೇಜಿನ ಮೇಲೆ ಮೊಳದುದ್ದದ ಪ್ಲಾಸ್ಟಿಕ್ ಯುದ್ಧವಿಮಾನ! ಬಿಡಿ ಚೂರುಗಳನ್ನು ಕೊರಿಯರ್‌ನಲ್ಲಿ ತರಿಸಿ, ಅಂಟಿಸಿ, ಬಣ್ಣ ಹೊಡೆದಿದ್ದರು. ಫಳಫಳ ಹೊಳೆಯುತ್ತಿತ್ತು. ನಾನು ಆಹಾ ಎನ್ನುವಷ್ಟರಲ್ಲಿ ದೀಪದ ಮಸಿಯಲ್ಲಿ ಬ್ರಶ್ ಅದ್ದಿ ಬಾಲಕ್ಕೆ ಬಳಿದೇಬಿಟ್ಟರು.

“ಅಯ್ಯೋ ಮಾವ, ಚಂದ ಇದ್ದಿದ್ದನ್ನ ಹಾಳು ಮಾಡ್ತೀರಲ್ಲ!”

“ಹಾರಿದ ವಿಮಾನ ಹೊಸ ಸ್ಟೀಲ್ ತಟ್ಟೆ ಹಾಗಿರ್ತದಾ ಮಾರಾಯ? ಹೊಗೆ ಕೂರ್ತದೆ, ಬಣ್ಣ ಏಳ್ತದೆ, ಎಣ್ಣೆ ಇಳೀತದೆ. ಒಂದೊಂದು ಕಲೆಗೂ ಒಂದು ಕಾರಣ ಇರ್ತದೆ.”

ಉಪ್ಪಿನ ಹರಳು ಅಂಟಿಸಿ, ಅದರ ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಉಜ್ಜುತ್ತಿದ್ದರು. ಬಣ್ಣ ಕಿತ್ತುಹೋದ ಗುರುತು ಥೇಟು ನಿಜದ ಹಾಗೇ ಬೀಳುತ್ತಿತ್ತು. ಎಲ್ಲ ಸರಿಹೋಯಿತು, ಎಡ ರೆಕ್ಕೆಯ ಅಡಿಯ ಒಂದು ಕೆಂಪು ಎಣ್ಣೆ ಕಲೆ ಬಿಟ್ಟು. ಬಳಿಯುವುದು, ಒರೆಸುವುದು, ಮತ್ತೆ ಬಳಿಯುವುದು. ತಿಂಗಳುಗಟ್ಟಲೆ ಇದೇ. ನನಗೆ ತಲೆ ಕೆಟ್ಟುಹೋಯಿತು. “ರೆಕ್ಕೆ ಅಡಿಗೆ ಬಗ್ಗಿ ಯಾರು ನೋಡ್ತಾರೆ? ಸಾಕು ಮಾಡಿ” ಎಂದು ರೇಗಿದೆ.

ಅವರು ಬ್ರಶ್ ಕೆಳಗಿಟ್ಟರು. “ಇದೇ ಥರದ ವಿಮಾನ. ಅವತ್ತು ಬೆಳಿಗ್ಗೆ ಈ ಜಾಗದಲ್ಲಿ ಒದ್ದೆ ಇತ್ತು. ಎಣ್ಣೆ ತುಂಬುವಾಗ ಚೆಲ್ಲಿದ ಕೊಳೆ ಅಂದ್ಕೊಂಡು ಒರೆಸಿ ಕಳಿಸಿದೆ. ವಾಪಸ್ ಬರ್ಲಿಲ್ಲ. ಹಾರಿಸಿದ ಹುಡುಗನೂ ಬರ್ಲಿಲ್ಲ. ಹಕ್ಕಿ ಬಡಿದದ್ದು ಅಂದ್ರು. ಇರಬಹುದು. ಆದ್ರೆ ಅದು ಮೇಲಿಂದ ಚೆಲ್ಲಿದ್ದೋ, ಒಳಗಿಂದ ಸೋರಿದ್ದೋ? ಎಣ್ಣೆ ಹರಿದ ಗುರುತು ಅವತ್ತು ಕಂಡ ಹಾಗೇ ಬಿದ್ರೆ ಎಲ್ಲಿಂದ ಬಂದದ್ದು ಅಂತ ಗೊತ್ತಾಗ್ತದೆ.”

ನಾನು ಬೆಚ್ಚಿಬಿದ್ದೆ. ವರ್ಷಗಟ್ಟಲೆ ನಮ್ಮ ಜಗಲಿಯಲ್ಲಿ ಕಾಫಿ ಕುಡಿದು ನಮ್ಮನ್ನೆಲ್ಲ ನಗಿಸುತ್ತಿದ್ದ ಮನುಷ್ಯ ಇದನ್ನು ಹೊತ್ತುಕೊಂಡು ಓಡಾಡುತ್ತಿದ್ದರೇ! ಪ್ಲಾಸ್ಟಿಕ್ಕಿನಿಂದ ಎಂಥ ಸತ್ಯ ಹೊರಡುತ್ತದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಮೆಟ್ಟಿಲಿಳಿದು ಬಂದರು. “ಬಿತ್ತು ಮಾರಾಯ, ಅವತ್ತಿನ ಹಾಗೇ ಬಿತ್ತು.” ಬಣ್ಣ ಒಣಗಲಿ, ವಾರ್ನಿಷ್ ಆಮೇಲೆ ಎಂದು ವಿಮಾನವನ್ನು ನಮ್ಮ ಜಗಲಿಯಲ್ಲಿಟ್ಟು, ಮರುದಿನ ಬೆಳಿಗ್ಗೆ ಶೃಂಗೇರಿ ಬಸ್ ಹತ್ತಿದರು.

ನಾನು ಅಂಗಡಿ ಪೂಜೆ ಮುಗಿಸಿ ಮನೆಗೆ ಬಂದರೆ, ಅಂಗಳದಲ್ಲಿ ಸ್ಕೂಟರ್, ಮಿಕ್ಸಿ, ಕತ್ತಿ ಎಲ್ಲ ಸ್ನಾನ ಮಾಡಿಸಿಕೊಂಡು ಸಾಲಾಗಿ ಕೂತಿವೆ. ಕೊನೆಯಲ್ಲಿ ವಿಮಾನ! ಮೂತಿಗೆ ಕುಂಕುಮ, ರೆಕ್ಕೆಯ ಮೇಲೆ ಸೇವಂತಿಗೆ.

“ಎಂತ ಕೊಳೆ ಮಾರಾಯ! ಸೀಗೆಪುಡಿ ಹಾಕಿ, ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿ ತಿಕ್ಕಿ ಕೈ ಸೋತೋಯ್ತು. ಪೂಜೆಗೆ ಕೊಳಕು ಇಡೋಕಾಗ್ತದಾ?” ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ತೊದಲುತ್ತ ಎಲ್ಲ ಹೇಳಿದೆ. ಅಮ್ಮ ಆರತಿ ತಟ್ಟೆ ಕೆಳಗಿಟ್ಟು ಅಲ್ಲೇ ಕುಸಿದಳು. ಅಷ್ಟರಲ್ಲಿ ಗೇಟು ಸದ್ದಾಯಿತು. ಪ್ರಸಾದದ ಪೊಟ್ಟಣ ಹಿಡಿದು ಬಂದ ಮಾವ ವಿಮಾನವನ್ನು ಎತ್ತಿ, ಮಗುಚಿ, ರೆಕ್ಕೆಯ ಅಡಿ ನೋಡಿದರು. ಏನೂ ಇರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

“ಸೋರಿದ್ದೇ ಅಕ್ಕ” ಎಂದರು ಕೊನೆಗೆ. “ನಿನ್ನೆ ಗೊತ್ತಾಯ್ತು. ಅವತ್ತು ನಾನೂ ಹೀಗೇ, ಕೊಳೆ ಅಂದ್ಕೊಂಡು ಒರೆಸಿದ್ದು.”

ಅಮ್ಮ ಅಳುತ್ತಲೇ ಕೇಳಿದಳು, “ನನ್ನ ಮೇಲೆ ಸಿಟ್ಟು ಬಂತಾ ತಮ್ಮ?”

“ಇಲ್ಲ ಅಕ್ಕ. ನೀವೇನು ಬೇಕಂತ ಮಾಡಿದ್ದಲ್ವಲ್ಲ.”

“ಮತ್ತೆ ನೀನು ಬೇಕಂತ ಮಾಡಿದ್ಯಾ?”

ಮಾವ ಉತ್ತರ ಕೊಡಲಿಲ್ಲ. ಅಂಗಳದಲ್ಲಿ ನಿಂತಲ್ಲೇ ಹೋ ಎಂದು ಅತ್ತುಬಿಟ್ಟರು. ಗಂಡಸೊಬ್ಬ ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ.

ಆಮೇಲೆ ಅವರು ಬ್ರಶ್ ಮುಟ್ಟಲಿಲ್ಲ. ಊಟ ಮಾಡಿ ಮಧ್ಯಾಹ್ನ ಮಲಗಲು ಶುರುಮಾಡಿದರು. ಅಷ್ಟು ವರ್ಷದಲ್ಲಿ ಅವರಿಗೆ ಸರಿಯಾಗಿ ನಿದ್ದೆ ಹತ್ತಿದ್ದನ್ನೇ ನಾವು ನೋಡಿರಲಿಲ್ಲ. ದೀಪಾವಳಿಗೆ ಮುಂಚೆ ಒಂದು ದಿನ ಅವರನ್ನು ಕಾಫಿಗೆ ಕರೆಯಲು ಹೊರಟೆ. ಅಮ್ಮ ತಡೆದಳು. “ಈಗಷ್ಟೇ ನೋಡ್ಕೊಂಡು ಬಂದೆ, ಮಗು ಹಾಗೆ ಮಲಗಿದಾನೆ. ಪಾಪ, ಈಗಾದ್ರೂ ನಿದ್ದೆ ಹತ್ತಿದೆ, ಎಬ್ಬಿಸ್ಬೇಡ.” ದೀಪ ಹಚ್ಚುವ ಹೊತ್ತಿಗೆ ನಾನೇ ಹೋಗಿ ಮುಟ್ಟಿದೆ. ಮೈ ತಣ್ಣಗಾಗಿತ್ತು.

ಹೃದಯ ನಿಂತು ಬಹಳ ಹೊತ್ತಾಗಿದೆ ಎಂದರು ಡಾಕ್ಟರು. ನನಗೆ ಇನ್ನೂ ನಂಬಲಾಗುತ್ತಿಲ್ಲ. ಅಮ್ಮನಂತೂ ಈಗಲೂ ಕೆಲಸದ ನಡುವೆ ತಟ್ಟನೆ ನಿಂತು, “ನಾನು ಆಗ್ಲೇ ಎಬ್ಬಿಸಿ ನೋಡಿದ್ರೆ ಉಳೀತಿದ್ನೇನೋ” ಎನ್ನುತ್ತಾಳೆ.

“ನೀನು ಬೇಕಂತ ಮಾಡಿದ್ಯಾ ಅಮ್ಮ?” ಎಂದು ಕೇಳುತ್ತೇನೆ. ಅವಳೂ ಉತ್ತರ ಕೊಡುವುದಿಲ್ಲ.