ಫೋರ್‌ಕೆಯಲ್ಲಿ ವೈರಾಗ್ಯ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ಪಾತ್ರೆ ಅಂಗಡಿ ಇಟ್ಟಿರುವ ವಿಮಲಕುಮಾರರು ಪ್ರತಿವರ್ಷ ದಶಲಕ್ಷಣ ಪರ್ವದಲ್ಲಿ ಬಸದಿಯ ಜಗಲಿಯ ಮೇಲೆ ನಿಂತು ಆಕಿಂಚನ್ಯದ ಬಗ್ಗೆ ಮಾತಾಡುತ್ತಾರೆ. ನನ್ನದು ಎಂಬುದು ಏನೂ ಇಲ್ಲ, ಈ ದೇಹವೂ ನನ್ನದಲ್ಲ ಎನ್ನುವಾಗ ಅವರ ದನಿ ಸಣ್ಣಗೆ ನಡುಗುತ್ತದೆ. ಚೆನ್ನಾಗಿಯೇ ಮಾತಾಡುತ್ತಾರೆ, ಸುಳ್ಳು ಹೇಳಬಾರದು. ಆದರೆ ಅವರ ಮನೆಯ ಅಟ್ಟ ನೋಡಿದವರಿಗೆ ಆ ಭಾಷಣವನ್ನು ನಗದೆ ಕೇಳುವುದು ಕಷ್ಟ. ಸುಟ್ಟುಹೋದ ಮಿಕ್ಸಿ, ಹಿಡಿ ಇಲ್ಲದ ಇಸ್ತ್ರಿಪೆಟ್ಟಿಗೆ, ಯಾವುದಕ್ಕೆ ಸೇರಿದ್ದೆಂದು ಯಾರಿಗೂ ಗೊತ್ತಿಲ್ಲದ ರಿಮೋಟುಗಳು. “ಇರಲಿ, ರಿಪೇರಿ ಮಾಡಿದರೆ ಆಗ್ತದೆ” ಎನ್ನುವುದು ಅವರ ನಿತ್ಯದ ಮಾತು.

ಈ ಸಾಮ್ರಾಜ್ಯದ ಪಟ್ಟದ ಕುದುರೆ ಎಂದರೆ ಟಿವಿಯ ಕೆಳಗಿದ್ದ ಕಪ್ಪು ಮೀಡಿಯಾ ಪ್ಲೇಯರ್. ಯಾವ ಕಾಲದಲ್ಲೋ ಮೇಲ್ಕಾರಿನ ಮಹಮ್ಮದ್ ಕುಂಞಿಯ ಅಂಗಡಿಯಿಂದ ತಂದದ್ದು. ಪೆನ್‌ಡ್ರೈವ್ ಚುಚ್ಚಿದರೆ ಬಂಧುಬಳಗದವರ ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಟಿವಿಯಲ್ಲಿ ಬರುತ್ತಿದ್ದವು. ನಮ್ಮ ಪೆಟ್ಟಿಗೆಯಲ್ಲಿ ಬಾರದ ವೀಡಿಯೊ ಇಲ್ಲ ಎಂದು ಅವರು ಕಂಡಕಂಡವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದರು. ಸುಜಯಕ್ಕನ ದೀಕ್ಷೆಯ ವೀಡಿಯೊ ಬರುವವರೆಗೆ ಅದು ನಿಜವೂ ಆಗಿತ್ತು.

ಸುಜಯಕ್ಕ ಎಂದರೆ ವಿಮಲಕುಮಾರರ ಹೆಂಡತಿ ಪದ್ಮಲತಾಳ ಒಡಹುಟ್ಟಿದ ಅಕ್ಕ. ಬೆಳ್ತಂಗಡಿ ಕಡೆ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು. ಕಳೆದ ವರ್ಷ ಮನೆ, ಚಿನ್ನ, ಹೆಸರು ಎಲ್ಲ ಬಿಟ್ಟು ಆರ್ಯಿಕೆ, ಅಂದರೆ ಜೈನ ಸನ್ಯಾಸಿನಿ ಆದಳು. ದೀಕ್ಷೆಯ ದಿನ ಪೆಂಡಾಲಿನಲ್ಲಿ ಗಣ್ಯರು ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ತ್ಯಾಗದ ಮಹತ್ವ ಹೇಳಲು ಬಂದವರಲ್ಲಿ ಒಬ್ಬನಾದರೂ ಮೈಕು ತ್ಯಾಗ ಮಾಡಬೇಕಲ್ಲ! ತಲೆಗೂದಲು ಕೀಳುವ ಕೇಶಲೋಚ ಮುಗಿದು, ಬಣ್ಣದ ಸೀರೆ ಬಿಟ್ಟು ಬಿಳಿ ಸೀರೆ ಸ್ವೀಕರಿಸುವ ಹೊತ್ತು ಬರುವಾಗ ಸೂರ್ಯ ತೆಂಗಿನ ಮರಗಳ ಹಿಂದೆ ಇಳಿದಿದ್ದ.

ಹೊತ್ತು ಕಂತಿದ ಮೇಲೆ ವಿಮಲಕುಮಾರರು ಒಂದು ಅಗುಳು ಅನ್ನ ಮುಟ್ಟುವವರಲ್ಲ. ಹೆಂಡತಿಯನ್ನು ಉಪವಾಸ ಮಲಗಲು ಬಿಡುವವರೂ ಅಲ್ಲ. ಅವಳ ಮೊಣಕೈ ಹಿಡಿದು ಎಬ್ಬಿಸಿದರು. “ಬಾ, ಬೇಗ ಎರಡು ತುತ್ತು ಉಂಡು ಬರುವ. ಇವರ ಭಾಷಣ ಇನ್ನೂ ಉಂಟು.” ಪದ್ಮಲತಾ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಹೋದಳು. ಭಾಷಣ ಇರಲಿಲ್ಲ. ಉಂಡು ಬರುವಾಗ ಸುಜಯಕ್ಕನೂ ಇರಲಿಲ್ಲ. ವೇದಿಕೆಯಲ್ಲಿ ಬಿಳಿ ಸೀರೆಯ ಮಾತಾಜಿಯೊಬ್ಬರು ನವಿಲುಗರಿಯ ಪಿಂಛಿ ಹಿಡಿದು ಕುಳಿತಿದ್ದರು, ಹೊಸ ಹೆಸರಿಗೆ ಜಯಘೋಷ ಮೊಳಗುತ್ತಿತ್ತು. ಮರುದಿನ ಸಂಘದ ಜೊತೆ ಕಾಲ್ನಡಿಗೆಯಲ್ಲಿ ಅವರು ಘಟ್ಟ ಹತ್ತಿದರು. ಇನ್ನು ಫೋನಿಲ್ಲ, ಪತ್ರವಿಲ್ಲ, ಅಕ್ಕ-ತಂಗಿ ಎಂಬ ಲೆಕ್ಕವೂ ಇಲ್ಲ.

ಪದ್ಮಲತಾ ಜಗಳವಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ವಿಮಲಕುಮಾರರಿಗೆ ಎದುರುತ್ತರ ಕೊಡಲಾದರೂ ಬರುತ್ತಿತ್ತು. ಅವಳು ಒಂದು ದಿನ ಅಕ್ಕಿ ಆರಿಸುತ್ತ, “ಎಲ್ಲ ಬಿಡುವ ಹೊತ್ತಿಗೆ ಅವಳಿಗೆ ನನ್ನ ನೆನಪಾದರೂ ಆಯಿತೋ ಇಲ್ಲವೋ” ಎಂದಳು, ಅಷ್ಟೇ. ದೀಕ್ಷೆಯ ದಿನದ ಆ ಊಟ ವಿಮಲಕುಮಾರರಿಗೆ ಇವತ್ತಿಗೂ ಜೀರ್ಣವಾಗಿಲ್ಲ. ಹಾಗಾಗಿ ದೀಕ್ಷಾ ಸಮಾರಂಭದ ಸಮಿತಿಯವರು ವೀಡಿಯೊದ ಪೆನ್‌ಡ್ರೈವ್ ಕೊಟ್ಟಾಗ ಅವರಿಗೆ ಹೋದ ಜೀವ ಬಂದಂತಾಯಿತು. ಆ ಗಳಿಗೆಯನ್ನು ಹೆಂಡತಿಗೆ ಒಮ್ಮೆ ತೋರಿಸಿಬಿಟ್ಟರೆ ತಪ್ಪಿದ್ದು ಸರಿಯಾಗುತ್ತದೆ ಎಂದು ಅವರು ನಂಬಿದರು.

ಪೆಟ್ಟಿಗೆಗೆ ಚುಚ್ಚಿದರು. ಚಿತ್ರ ಬಂದಂತೆ ಮಾಡಿ ಚೌಕ ಚೌಕವಾಗಿ ಒಡೆದು ನಿಂತುಹೋಯಿತು. ಧ್ವನಿ ಮಾತ್ರ ಸ್ಪಷ್ಟ, ಭಾಷಣಗಳು ಒಂದಕ್ಷರ ಬಿಡದೆ ಕೇಳಿಸಿದವು. ಮೊಬೈಲಿನಲ್ಲಿ ಹಾಕಿ ನೋಡಿದರೆ ಇನ್ನೊಂದು ಫಜೀತಿ. ಕ್ಯಾಮೆರಾವನ್ನು ಪೆಂಡಾಲಿನ ಬದಿಯಲ್ಲಿ ಎತ್ತರಕ್ಕೆ ಕಟ್ಟಿ ವೇದಿಕೆ, ಜನ, ಆಚೆ ಬದಿಯ ಊಟದ ಶಾಮಿಯಾನ ಎಲ್ಲವನ್ನೂ ಒಟ್ಟಿಗೆ ಹಿಡಿದಿದ್ದರು. ಅದರಲ್ಲಿ ಸುಜಯಕ್ಕ ಜೀರಿಗೆಯಷ್ಟು.

ವಿಮಲಕುಮಾರರು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಮೇಲ್ಕಾರಿಗೆ ಹೋದರು.

“ವಿಮಲಣ್ಣ, ಇದು ಫೋರ್‌ಕೆ ವೀಡಿಯೊ,” ಎಂದ ಕುಂಞಿ. “ಭಾರೀ ಸ್ಪಷ್ಟ ಬರುವಂಥದ್ದು. ನಿಮ್ಮ ಪೆಟ್ಟಿಗೆ ಹುಟ್ಟುವಾಗ ಇದೆಲ್ಲ ಎಲ್ಲಿತ್ತು? ಹೊಸದು ತಕೊಳ್ಳಿ.”

“ಹೊಸದು ಯಾಕೆ ಮಾರಾಯ? ಇದನ್ನೇ ಸ್ವಲ್ಪ ಮೇಲೆ ತರುವ.”

ಕುಂಞಿ ಹೊಸ ಸಾಫ್ಟ್‌ವೇರ್ ಹಾಕಿದ. ಪೆಟ್ಟಿಗೆ ಅಷ್ಟರವರೆಗೆ ತೋರಿಸುತ್ತಿದ್ದ ಮದುವೆಗಳನ್ನೂ ಮರೆತುಬಿಟ್ಟಿತು. ಇನ್ನೊಮ್ಮೆ ಹೋದರು. ಕುಂಞಿ ಒಳಗಿನದನ್ನೆಲ್ಲ ಕಿತ್ತು ಹೊಸ ಬೋರ್ಡು ಕೂರಿಸಿದ, ಅದು ಬಿಸಿಯಾಗದಂತೆ ಬದಿಗೆ ತೂತು ಕೊರೆದು ಪುಟ್ಟ ಫ್ಯಾನ್ ಇಟ್ಟ. ಶರೀರ ಬದಲಾಗುತ್ತದೆ, ಆತ್ಮ ಮಾತ್ರ ಉಳಿಯುತ್ತದೆ ಎಂದು ಬಸದಿಯಲ್ಲಿ ಹೇಳುವ ಪುಣ್ಯಾತ್ಮರು ಮೇಲ್ಕಾರಿನಲ್ಲಿ ಶರೀರ ಉಳಿಸಿಕೊಂಡು ಆತ್ಮ ಬದಲಾಯಿಸಿಕೊಂಡು ಬಂದರು. “ನಮ್ಮ ಹಳೇ ಪೆಟ್ಟಿಗೆಯೇ!” ಎಂದು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದರು.

ಪೆಟ್ಟಿಗೆಯೇನೋ ಸಿದ್ಧವಾಯಿತು. ಅದರ ಹೊಸ ವಯರು ಸೇರಿಸಲು ಹಳೇ ಟಿವಿಯಲ್ಲಿ ಜಾಗವೇ ಇಲ್ಲ. ನಡುವೆ ಇನ್ನೊಂದು ಡಬ್ಬಿ ತಂದು ಸೇರಿಸಿದರೆ ಚಿತ್ರ ಬಂತು, ಆದರೆ ಮುಖ ಗುರುತಾಗದಷ್ಟು ಮಸುಕು. ಕೊನೆಗೆ ಟಿವಿಯೇ ಹೊಸದು ಬಂತು. ಅದು ಕಪಾಟಿನಲ್ಲಿ ಹಿಡಿಯಲಿಲ್ಲವೆಂದು ಕಪಾಟು ಕೊಯ್ಯಿಸಿದರು. ಹಳೆಯದೆಲ್ಲ ಅಟ್ಟ ಸೇರಿತು, ಎಸೆಯುವ ಮಾತೇ ಇಲ್ಲ.

“ಅಕ್ಕ ಎಲ್ಲ ಬಿಟ್ಟದ್ದನ್ನು ನೋಡಲಿಕ್ಕೆ ನಾವು ಇನ್ನೂ ಏನೇನು ತರಬೇಕು?” ಎಂದು ಪದ್ಮಲತಾ ಕೇಳಿದಳು.

“ಅಕ್ಕ ಅನ್ನಬಾರದು. ಮಾತಾಜಿ,” ಎಂದರು ಇವರು.

ಭಾನುವಾರ ಮಧ್ಯಾಹ್ನ ಇಬ್ಬರೇ ಕುಳಿತರು. ಅಬ್ಬಾ, ಏನು ಚಿತ್ರ! ಮುಖ್ಯ ಅತಿಥಿಯ ಕಿವಿಯ ಕೂದಲು ಕೂಡ ಎಣಿಸಬಹುದಿತ್ತು. ವಿಮಲಕುಮಾರರು ಭಾಷಣಗಳನ್ನು ಓಡಿಸಿ, ಬೇಕಾದಲ್ಲಿ ನಿಲ್ಲಿಸಿ, ರಿಮೋಟಿನಿಂದ ಚಿತ್ರ ಹಿಗ್ಗಿಸಿದರು. ಬಿಳಿ ಸೀರೆಯ ಹರಿವಾಣ ಮುಂದಿತ್ತು. ಸುಜಯಕ್ಕ ಎದ್ದು, ಕ್ರಮದಂತೆ, ಸಂಸಾರದವರಲ್ಲಿ ಕೊನೆಯ ಬಾರಿ ಕ್ಷಮೆ ಕೇಳಲು ಮುಂದಿನ ಸಾಲಿನ ಕಡೆ ತಿರುಗಿದಳು. ಅಣ್ಣನಿಗೆ ಕೈ ಮುಗಿದಳು, ಅತ್ತಿಗೆಗೆ ಮುಗಿದಳು. ಆಮೇಲೆ ಎರಡು ಖಾಲಿ ಕುರ್ಚಿಗಳು, ಒಂದರ ಮೇಲೆ ಹಸಿರು ಚೀಲ.

ಕೈಗಳು ಅಲ್ಲೇ ನಿಂತವು. ಅವಳು ಕತ್ತೆತ್ತಿ ಹಿಂದಿನ ಸಾಲು ನೋಡಿದಳು, ಬಾಗಿಲ ಕಡೆ ನೋಡಿದಳು. ಪಕ್ಕದಲ್ಲಿ ಯಾರೋ ಹರಿವಾಣ ಮುಂದೆ ಚಾಚಿದರೆ, ಸ್ವಲ್ಪ ತಡೆಯಿರಿ ಎಂಬಂತೆ ಬೆರಳೆತ್ತಿ ಮತ್ತೊಮ್ಮೆ ಹುಡುಕಿದಳು. ತುಟಿ ಅಲುಗಿದ್ದು ಕೂಡ ಕಂಡಿತು. ಕೊನೆಗೆ ಆ ಚೀಲಕ್ಕೇ ಕೈ ಮುಗಿದು, ತಲೆ ಬಾಗಿಸಿ, ಸೀರೆ ತೆಗೆದುಕೊಂಡಳು.

ವಿಮಲಕುಮಾರರು ಆ ಮುಖ ತಪ್ಪಿಸಲೆಂದು ಚಿತ್ರವನ್ನು ಕುಗ್ಗಿಸಿದರೆ, ಬಲಮೂಲೆಯಲ್ಲಿ, ನಿಂತ ಜನರ ಆಚೆಗೆ, ಊಟದ ಶಾಮಿಯಾನ. ಎಲೆಯ ಮುಂದೆ ಅವರೇ! ಪಕ್ಕದಲ್ಲಿ ಪದ್ಮಲತಾ ಅನ್ನಕ್ಕೆ ಕೈಯಿಡದೆ ವೇದಿಕೆಯ ಕಡೆ ಕತ್ತು ಚಾಚಿದ್ದಾಳೆ. ಇವರು ಪಾಯಸದವನನ್ನು ಕೈಬೀಸಿ ಕರೆಯುತ್ತಿದ್ದಾರೆ.

ರಿಮೋಟಿನ ಮೇಲೆ ಅವರ ಬೆರಳು ನಿಲ್ಲಿಸುವ ಗುಂಡಿ ಹುಡುಕಿತು.

“ನಿಲ್ಲಿಸಬೇಡಿ,” ಎಂದಳು ಪದ್ಮಲತಾ. ಅವಳ ಕೆನ್ನೆ ಒದ್ದೆಯಾಗಿತ್ತು, ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಬೆಳಕಿತ್ತು. “ನನ್ನನ್ನು ಹುಡುಕಿದ್ದಾಳೆ. ನೋಡಿದಿರಾ? ನನ್ನನ್ನೇ ಹುಡುಕಿದ್ದಾಳೆ. ಇನ್ನೊಮ್ಮೆ ಹಾಕಿ.”

ಹಾಕಿದರು. ಸುಜಯಕ್ಕ ಮತ್ತೆ ಕತ್ತೆತ್ತಿ ಹುಡುಕಿದಳು. ಮೂಲೆಯಲ್ಲಿ ವಿಮಲಕುಮಾರರು ಮತ್ತೆ ಪಾಯಸಕ್ಕೆ ಕೈಬೀಸಿದರು.

“ಇನ್ನೊಮ್ಮೆ,” ಎಂದಳು ಪದ್ಮಲತಾ.